ಜಗ್ಗಿನ ಮೇಲಿನ ಗೆರೆ

ನಮ್ಮ ನರ್ಸಿಂಗ್ ಕಾಲೇಜಿನ ಮಕ್ಕಳ ವಿಭಾಗದ ಲ್ಯಾಬಿನಲ್ಲಿ ಒಂದು ಸ್ಟೀಲ್ ಜಗ್ಗಿತ್ತು. ಅದರ ಒಳಮೈಗೆ ಮೊಳೆಯಲ್ಲಿ ಗೀಚಿದ ಒಂದೇ ಒಂದು ಗೆರೆ, ಒಂದು ಲೀಟರಿನದು. ಮಂಗಳೂರಿನ ಮಳೆಗಾಲದ ಮಧ್ಯಾಹ್ನಗಳಲ್ಲಿ ತೂಕಡಿಸುತ್ತ ಆ ಗೆರೆಯವರೆಗೆ ನೀರು ಹೊಯ್ದವರು ನಾವೆಲ್ಲ. ಸಂಚಿಕೆಗೆ ಕಾಲೇಜಿನ ನೆನಪು ಬರೆದು ಕಳುಹಿಸಿ ಎಂದಾಗ ಕಟ್ಟಡವಾಗಲಿ ಕ್ಯಾಂಟೀನಾಗಲಿ ನೆನಪಿಗೆ ಬರಲಿಲ್ಲ, ಆ ಜಗ್ಗು ಬಂತು. ಆಫ್ರಿಕಾದ ಮಲಾವಿ ದೇಶದ ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಿಗೆ ಹೋಗಬೇಕೆಂದಿರುವ ಕಿರಿಯರು, ಅಲ್ಲಿ ಮಕ್ಕಳ ವಾರ್ಡಿನಲ್ಲಿ ನಿಜಕ್ಕೂ ಏನು ಕೆಲಸ ಎಂದು ಕೇಳುತ್ತಿರುತ್ತೀರಿ. ಬಹುಪಾಲು ಕೆಲಸ ಆ ಗೆರೆಯದೇ.

ತೀವ್ರ ಅಪೌಷ್ಟಿಕತೆಯ ಮಗುವಿಗೆ ಮೊದಲ ದಿನಗಳಲ್ಲಿ ಕೊಡುವ ಹಾಲಿಗೆ ಎಫ್-75 ಎನ್ನುತ್ತಾರೆ. 100 ಎಂ.ಎಲ್.ಗೆ 75 ಕಿಲೊಕ್ಯಾಲರಿ, ಅದಕ್ಕೇ ಆ ಹೆಸರು. ಸಿದ್ಧ ಪುಡಿ ಬರದ ತಿಂಗಳಲ್ಲಿ ವಾರ್ಡಿನ ಅಡುಗೆಕೋಣೆಯಲ್ಲೇ ಮಾಡಿಕೊಳ್ಳಬೇಕು. ಕೆನೆ ತೆಗೆದ ಹಾಲುಪುಡಿ 25 ಗ್ರಾಂ, ಸಕ್ಕರೆ 70 ಗ್ರಾಂ, ಧಾನ್ಯದ ಹಿಟ್ಟು 35 ಗ್ರಾಂ, ಅಡುಗೆ ಎಣ್ಣೆ 30 ಗ್ರಾಂ, ಖನಿಜಗಳ ದ್ರಾವಣ 20 ಎಂ.ಎಲ್. ದ್ರಾವಣ ಬಿಟ್ಟು ಉಳಿದದ್ದನ್ನೆಲ್ಲ ಕುದಿಸಿ ಆರಿಸಿದ ಸ್ವಲ್ಪ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕೈಬಿಡದೆ ತಿರುವುತ್ತ ಸಣ್ಣ ಉರಿಯಲ್ಲಿ 4 ನಿಮಿಷ ಕುದಿಸಿ, ಆರಿದ ಮೇಲೆ ದ್ರಾವಣ ಸೇರಿಸಿ, ಜಗ್ಗಿನ ಗೆರೆ ಮುಟ್ಟುವವರೆಗೆ ಮತ್ತೆ ಕುದಿಸಿ ಆರಿಸಿದ ನೀರು ಹೊಯ್ಯಬೇಕು. ಎಣ್ಣೆ ಮೇಲೆ ತೇಲಿದರೆ ಕಲಸಿದ್ದು ಸಾಲದು ಎಂದರ್ಥ; ಮೊದಲ ಲೋಟದ ಮಗುವಿಗೆ ಬರೀ ಎಣ್ಣೆ, ಕೊನೆಯ ಲೋಟದ್ದಕ್ಕೆ ಬರೀ ಸಕ್ಕರೆ ನೀರು. ಫ್ರಿಜ್ ನಂಬುವ ಹಾಗಿಲ್ಲದಿದ್ದರೆ 12 ಗಂಟೆಗೆ ಸಾಲುವಷ್ಟನ್ನೇ ಮಾಡಿ.

ತಪ್ಪು ಆಗುವುದು ಎಲ್ಲಿ ಎಂದರೆ ನೀರಿನಲ್ಲಿ. 'ಒಂದು ಲೀಟರ್ ಹಾಲು' ಎಂದದ್ದನ್ನು 'ಒಂದು ಲೀಟರ್ ನೀರು' ಎಂದು ಕೇಳಿಸಿಕೊಂಡವರು ಹಿಟ್ಟು ಸಕ್ಕರೆಯ ಮೇಲೆ ಪೂರಾ ಸಾವಿರ ಎಂ.ಎಲ್. ಸುರಿಯುತ್ತಾರೆ. ಹಾಲು ಹತ್ತರಲ್ಲೊಂದು ಪಾಲು ತೆಳ್ಳಗಾಯಿತು. ನೋಡಲು ಏನೂ ವ್ಯತ್ಯಾಸ ಕಾಣದು, ಮಗು ಕುಡಿಯುತ್ತದೆ, ಚಾರ್ಟಿನಲ್ಲಿ ಟಿಕ್ ಬೀಳುತ್ತದೆ, ಮೈ ಮಾತ್ರ ಹಿಡಿಯುವುದಿಲ್ಲ. ಔಷಧಿ ಬದಲಿಸುತ್ತ ಕೂರುವ ಮೊದಲು ಅಡುಗೆಕೋಣೆಗೆ ಹೋಗಿ ಜಗ್ಗು ನೋಡಬೇಕು.

6 ಕೆ.ಜಿ. ಮಗುವಿಗೆ ದಿನಕ್ಕೆ ಕೆ.ಜಿ.ಗೆ 130 ಎಂ.ಎಲ್. ಲೆಕ್ಕದಲ್ಲಿ 780 ಎಂ.ಎಲ್. ಎರಡು ಗಂಟೆಗೊಮ್ಮೆಯಾದರೆ 12 ಸಲ, ಸಲಕ್ಕೆ 65. ಮೈಯೆಲ್ಲ ಊದಿಕೊಂಡಿದ್ದರೆ ಕೆ.ಜಿ.ಗೆ 100ರಂತೆ, ಸಲಕ್ಕೆ 50. ಅರ್ಧ ಲೋಟವೂ ಅಲ್ಲ! ಹೊಸಬರಿಗೆ ಇದು ಕಟುಕತನ ಅನ್ನಿಸುತ್ತದೆ, ಹಸಿದ ಮಗುವಿಗೆ ಹೊಟ್ಟೆ ತುಂಬ ಕೊಡಬಾರದೇ ಎಂದು. ಕೊಡಬಾರದು. ತಿಂಗಳುಗಟ್ಟಲೆ ಇಲ್ಲದ್ದರಲ್ಲೇ ಬದುಕಿದ ದೇಹದಲ್ಲಿ ಹೃದಯ, ಮೂತ್ರಪಿಂಡ, ಯಕೃತ್ತು ಎಲ್ಲವೂ ಕೆಲಸ ಇಳಿಸಿಕೊಂಡಿರುತ್ತವೆ. ಒಮ್ಮೆಲೇ ಪ್ರೋಟೀನು, ಉಪ್ಪು, ನೀರು ಬಂದರೆ ಹೃದಯ ತಾಳುವುದಿಲ್ಲ. ಡ್ರಿಪ್ ಹಾಕುವುದೂ ಅದೇ ಕಾರಣಕ್ಕೆ ಅಪಾಯ. ಮಗು ಶಾಕ್‌ಗೆ, ಅಂದರೆ ರಕ್ತಸಂಚಾರ ಕುಸಿದ ಸ್ಥಿತಿಗೆ, ಹೋಗಿದ್ದರೆ ಮಾತ್ರ ಅದನ್ನು ಹಾಕಬೇಕು. ಬರೀ ಭೇದಿಯಾದರೆ ಈ ಮಕ್ಕಳಿಗೆಂದೇ ಇರುವ, ಉಪ್ಪು ಕಡಿಮೆಯ ರೆಸೋಮಾಲ್ ದ್ರಾವಣವನ್ನು ಕೆ.ಜಿ.ಗೆ 5 ಎಂ.ಎಲ್.ನಂತೆ ಅರ್ಧ ಗಂಟೆಗೊಮ್ಮೆ, ಎರಡು ಗಂಟೆ ಕೊಡುತ್ತಾರೆ. ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಕೂಡದು. ಕಬ್ಬಿಣದ ಟಾನಿಕ್ಕೂ ಮೊದಲ ವಾರ ಬೇಡ, ಮಗು ಎಷ್ಟೇ ಬಿಳಿಚಿಕೊಂಡಿರಲಿ.

ಮೊದಲ ಕೆಲವು ದಿನ ತೂಕ ಇಳಿದರೆ ತಾಯಂದಿರು ಕಂಗಾಲಾಗುತ್ತಾರೆ. ಊದಿದ ಮಗುವಿನಲ್ಲಿ ಅದು ಒಳ್ಳೆಯ ಸುದ್ದಿ, ನೀರು ಇಳಿಯುತ್ತಿದೆ. ಇದನ್ನು ದಾಖಲಾದ ದಿನವೇ ಹೇಳಿಡಬೇಕು. ಮೂರನೆಯ ದಿನ ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ.

ಇನ್ನು ರಾತ್ರಿ ಪಾಳಿ. ಈ ವಾರ್ಡುಗಳಲ್ಲಿ ಹಗಲು ಗೆದ್ದ ಮಕ್ಕಳು ಬೆಳಗಿನ ಜಾವ ಸೋಲುತ್ತಾರೆ. ರಾತ್ರಿ 10ರ ಹಾಲು ಕೊಟ್ಟು ಮುಂದಿನದು ಬೆಳಿಗ್ಗೆ 6ಕ್ಕೆ ಎಂದಾದರೆ ನಡುವೆ ಎಂಟು ಗಂಟೆ. ಆ ಮೈಯಲ್ಲಿ ಅಷ್ಟು ಹೊತ್ತಿಗೆ ಸಾಲುವ ಸಕ್ಕರೆ ದಾಸ್ತಾನಿಲ್ಲ. ರಕ್ತದ ಸಕ್ಕರೆ 100 ಎಂ.ಎಲ್.ಗೆ 54 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ಸಕ್ಕರೆ ಇನ್ನೂ ಇಳಿಯುತ್ತದೆ. ಎರಡೂ ಜೊತೆಗೇ ಬರುತ್ತವೆ, ಚಿಕಿತ್ಸೆಯೂ ಜೊತೆಗೇ. ಎಚ್ಚರವಿರುವ ಮಗುವಿಗೆ 10 ಶೇಕಡಾ ಸಕ್ಕರೆ ನೀರು 50 ಎಂ.ಎಲ್. ಕುಡಿಸಿ, ಟೊಪ್ಪಿ ಹಾಕಿ, ತಾಯಿಯ ಬರೀ ಎದೆಗೆ ಆನಿಸಿ, ಇಬ್ಬರಿಗೂ ಸೇರಿ ಕಂಬಳಿ. ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಚರ್ಮ ಸುಟ್ಟವರಿದ್ದಾರೆ, ಅದು ಬೇಡ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ಬಿಟ್ಟು ಹೋಗುವವರಿಗೆ ಒಂದು ಮಾತು: ಜೂನ್ ಜುಲೈನಲ್ಲಿ ಮಲಾವಿಯ ಎತ್ತರದ ಊರುಗಳಲ್ಲಿ ನಡುಗುವ ಚಳಿ. ನಮ್ಮ ಮಾಮೂಲಿ ಥರ್ಮಾಮೀಟರ್ 35 ಡಿಗ್ರಿಯಿಂದ ಶುರುವಾಗುತ್ತದೆ. ಅಲ್ಲಿ ಬೇಕಾದದ್ದು ಅದಕ್ಕಿಂತ ಕೆಳಗಿನದನ್ನು ತೋರಿಸುವಂಥದ್ದು, ಯಾಕೆಂದರೆ ಕಂಕುಳಲ್ಲಿ 35ಕ್ಕಿಂತ ಕಡಿಮೆಯಿದ್ದರೇ ಅಪಾಯ.

ಮಗುವನ್ನು ಗುರುತಿಸುವುದು ಸುಲಭ, ಅದನ್ನು ಬೇಗ ಮುಗಿಸುತ್ತೇನೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಯ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ. 115ರಿಂದ 125ರ ನಡುವೆ ಮಧ್ಯಮ. ಮೊಣಕೈ ಮಡಿಸಿ ನಡುಬಿಂದು ಗುರುತಿಸಿ, ಕೈ ಇಳಿಬಿಟ್ಟು ಅಳೆಯಬೇಕು. ಅಳೆಯುವ ಬಣ್ಣದ ಪಟ್ಟಿ ಬಿಗಿದರೆ ಎಲ್ಲರೂ ಕೆಂಪು, ಅಂದರೆ ತೀವ್ರ; ಸಡಿಲಿಸಿದರೆ ಎಲ್ಲರೂ ಹಸಿರು, ಅಂದರೆ ಸರಿ. ಆಮೇಲೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡಿ. ಎರಡರಲ್ಲೂ ಗುಳಿ ಉಳಿದರೆ ರಟ್ಟೆಪಟ್ಟಿ ಏನೇ ಹೇಳಲಿ, ಅದು ಕ್ವಾಶಿಯೋರ್ಕರ್, ಮೈ ಊದಿಸುವ ತೀವ್ರ ಅಪೌಷ್ಟಿಕತೆ.

ಆ ಪದಕ್ಕೂ ನಮ್ಮೂರಿಗೂ ಒಂದು ಸುತ್ತುಬಳಸಿನ ನಂಟಿದೆ. ಜಮೈಕಾದಲ್ಲಿ ಹುಟ್ಟಿದ ವೈದ್ಯೆ ಸಿಸಿಲಿ ವಿಲಿಯಮ್ಸ್ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಈ ಕಾಯಿಲೆಯನ್ನು 1933ರಲ್ಲಿ ವಿವರಿಸಿ, 1935ರಲ್ಲಿ ಅಲ್ಲಿನ ತಾಯಂದಿರು ಕರೆಯುತ್ತಿದ್ದ ಹೆಸರನ್ನೇ ಅದಕ್ಕೆ ಇಟ್ಟರು. ಅಕ್ರಾ ಸುತ್ತಿನ ಗಾ ಭಾಷೆಯ ಮಾತದು. ಬೆನ್ನಿಗೆ ಇನ್ನೊಂದು ಮಗು ಹುಟ್ಟಿ ಮೊಲೆ ಬಿಡಬೇಕಾಗಿ ಬಂದ ಮಗುವಿನ ಕಾಯಿಲೆ ಎಂದು ಅರ್ಥ. ರೋಗದ ಕಾರಣವೇ ಆ ಹೆಸರಿನಲ್ಲಿದೆ. ಅದೇ ಅಕ್ರಾಕ್ಕೆ ಬಾಸೆಲ್ ಮಿಷನ್ನಿನವರು 1828ರಲ್ಲಿ ಬಂದಿಳಿದಿದ್ದರು, ನಮ್ಮ ಮಂಗಳೂರಿಗೆ ಬರುವ ಆರು ವರ್ಷ ಮೊದಲು. ಕಿಟ್ಟೆಲ್ಲರ ಕನ್ನಡ ನಿಘಂಟು 1894ರದ್ದು. ಅದೇ ಮಿಷನ್ನಿನ ಕ್ರಿಸ್ಟಾಲರ್ ಅವರ, ಘಾನಾದ ಟ್ವಿ ಭಾಷೆಯ ನಿಘಂಟು 1881ರದ್ದು. ಅಜ್ಜಿಯರ ಬಾಯಿಮಾತನ್ನು ಕಿವಿಗೊಟ್ಟು ಬರೆದುಕೊಂಡ ಮಿಷನರಿಗಳು ಬಹುಕಾಲ ಉಪಯೋಗಕ್ಕೆ ಬಂದರು ಎಂಬುದು ನನ್ನ ಅಭಿಪ್ರಾಯ. ಬರೀ ಬೋಧಿಸಿದವರ ಬಗ್ಗೆ ಅಷ್ಟು ಹೇಳಲಾರೆ.

ಮಲಾವಿಯ ವಾರ್ಡಿನಲ್ಲೂ ಇದು ನಿತ್ಯದ ವಿಷಯ. ಚೇವಾ ಜನರಲ್ಲಿ ಮಗು ಸೊರಗಿದರೆ 'ತ್ಸೆಂಪೊ' ಎನ್ನುವುದುಂಟು, ತಂದೆತಾಯಿ ದೇಹಸಂಬಂಧದ ಕಟ್ಟುಪಾಡು ಮೀರಿದ್ದರಿಂದ ಬಂದದ್ದು ಎಂಬ ನಂಬಿಕೆ. ಅದಕ್ಕೇ ತಾಯಿ ನಾಚಿಕೆಪಟ್ಟು ಮಗುವನ್ನು ಚಿಟೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿ ಮುಚ್ಚಿಕೊಂಡೇ ಇರುತ್ತಾಳೆ, ತಡವಾಗಿ ತರುತ್ತಾಳೆ. ಅವಳೆದುರು ಮೂಢನಂಬಿಕೆಯ ಬಗ್ಗೆ ಪ್ರವಚನ ಕೊಟ್ಟರೆ ಮರುದಿನ ಮಂಚ ಖಾಲಿ. ಗಂಡನ ಕಡೆಯವರಿಲ್ಲದಾಗ, ತಗ್ಗಿದ ದನಿಯಲ್ಲಿ, ಮಗು ಏನು ತಿನ್ನುತ್ತದೆ ಎಂದಷ್ಟೇ ಕೇಳಬೇಕು. ಉತ್ತರ ಸಾಮಾನ್ಯವಾಗಿ ಒಂದೇ: ನ್ಸಿಮಾ. ಮೆಕ್ಕೆಜೋಳದ ಬಿಳಿ ಮುದ್ದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹಳೆ ಜೋಳ ಮುಗಿದು ಹೊಸ ಪೈರು ಹಸಿರಾಗಿರುವ ಕಾಲದಲ್ಲಿ, ಅದೂ ದಿನಕ್ಕೊಮ್ಮೆ. ವಾರ್ಡು ತುಂಬುವುದು ಆಗಲೇ.

ಹಸಿವು ಮರಳಿ ಊತ ಇಳಿಯತೊಡಗಿದ ಮೇಲೆ 100 ಎಂ.ಎಲ್.ಗೆ 100 ಕಿಲೊಕ್ಯಾಲರಿಯ ಹಾಲು ಎಫ್-100, ಇಲ್ಲವೇ ನೆಲಕಡಲೆ ಪೇಸ್ಟು. ಈ ಪೇಸ್ಟನ್ನು 1996ರ ಸುಮಾರಿಗೆ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಷೆಲ್ ಲೆಸ್ಕಾನ್ ರೂಪಿಸಿದರು. ಮಕ್ಕಳನ್ನು ಮನೆಯಲ್ಲೇ ಇಟ್ಟು ಇದನ್ನು ತಿನ್ನಿಸಿದರೆ ಹೇಗೆ ಎಂದು ಮಲಾವಿಯಲ್ಲಿ 2001ರಲ್ಲಿ ಪರೀಕ್ಷಿಸಿದವರು ಮಾರ್ಕ್ ಮೆನರಿ ಎಂಬ ಮಕ್ಕಳ ವೈದ್ಯರು. ಅಲ್ಲಿನವರು 'ಚಿಪೊಂಡೆ' ಎನ್ನುತ್ತಾರೆ. ನೂರು ಗ್ರಾಮಿನಲ್ಲಿ ಸುಮಾರು 30 ಹಾಲುಪುಡಿ, 28 ಸಕ್ಕರೆ, 25 ನೆಲಕಡಲೆ, 15 ಎಣ್ಣೆ, ಉಳಿದದ್ದು ಖನಿಜ ಮತ್ತು ವಿಟಮಿನ್. ಇದರ ಜಾಣ್ಮೆ ಇರುವುದು ನೀರಿಲ್ಲದಿರುವುದರಲ್ಲಿ: ನೀರಿಲ್ಲದ್ದರಿಂದ ಬ್ಯಾಕ್ಟೀರಿಯಾ ಬೆಳೆಯದು, ಬೇಯಿಸಬೇಕಿಲ್ಲ, ಕೊಳಕು ಬಾವಿಯ ನೀರು ಬೆರೆಸುವ ಮಾತೇ ಇಲ್ಲ. 92 ಗ್ರಾಮಿನ ಪೊಟ್ಟಣದಲ್ಲಿ 500 ಕಿಲೊಕ್ಯಾಲರಿ. ಮಗು ನಮ್ಮ ಕಣ್ಣೆದುರೇ ತಿಂದು ತೋರಿಸಬೇಕು, ಆಮೇಲಷ್ಟೇ ಮನೆಗೆ. ತೊಂದರೆ ಎರಡು. ಸರಿಯಾಗಿ ಒಣಗಿಸದ ನೆಲಕಡಲೆಗೆ ಬರುವ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಹುರಿದರೂ ಪೂರ್ತಿ ಹೋಗದು, ಖರೀದಿಯಲ್ಲೇ ಆರಿಸಬೇಕು. ಎರಡನೆಯದು, ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಪೊಟ್ಟಣ ನಾಲ್ಕು ಪಾಲಾಗುತ್ತದೆ. ಬೈದು ಪ್ರಯೋಜನವಿಲ್ಲ. ಉಳಿದ ಮೂವರಿಗೆ ಮೆಕ್ಕೆಜೋಳ ಸೋಯಾ ಹಿಟ್ಟನ್ನೂ ಜೊತೆಗೆ ಕೊಟ್ಟು ಕಳಿಸುವುದು ಬುದ್ಧಿವಂತಿಕೆ.

ರಾಗಿ ಅಲ್ಲೂ ಇದೆ, 'ಮಾವೆರೆ' ಎನ್ನುತ್ತಾರೆ. ಆಫ್ರಿಕಾದಿಂದಲೇ ನಮಗೆ ಬಂದ ಧಾನ್ಯ ಅಲ್ಲವೇ! ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಹಿಟ್ಟು ಒಂದು ಚಮಚ ಬೆರೆಸಿದರೆ ಗಟ್ಟಿ ಗಂಜಿ ನಿಮಿಷಗಳಲ್ಲಿ ತೆಳ್ಳಗಾಗುತ್ತದೆ. ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ನೀರು ಸೇರಿಸದೆಯೇ ಮಗು ನುಂಗುವ ಹದ ಬಂತು, ಸತ್ವ ಹಾಗೇ ಉಳಿಯಿತು. ರಾಗಿಮಣ್ಣಿ ಮಾಡಿ ಗೊತ್ತಿದ್ದವರಿಗೆ ಇದನ್ನು ಕಲಿಸಿಕೊಡಬೇಕಿಲ್ಲ.

ಇನ್ನು ಅಮ್ಮನಿಲ್ಲದ ಕೂಸುಗಳು. ಮಿಷನರಿ ಎಂದೊಡನೆ ಜನ ನೆನೆಯುವುದು ಅನಾಥಾಲಯವನ್ನು. ನೈಜೀರಿಯಾದ ಕಲಬಾರ್ ಸೀಮೆಯಲ್ಲಿ 1876ರಿಂದ 1915ರಲ್ಲಿ ತೀರಿಕೊಳ್ಳುವವರೆಗೆ ದುಡಿದ ಮೇರಿ ಸ್ಲೆಸರ್, ಅಪಶಕುನವೆಂದು ಕಾಡಿಗೆ ಎಸೆಯುತ್ತಿದ್ದ ಅವಳಿ ಮಕ್ಕಳನ್ನು ಎತ್ತಿ ತಂದು ಮನೆಯಲ್ಲಿ ಸಾಕಿದರು. ಅವರಿಗೆ ಬೇರೆ ದಾರಿಯಿರಲಿಲ್ಲ. ಈಗಿನ ಕೂಸುಗಳಿಗೆ ಅಜ್ಜಿ ಇದ್ದಾಳೆ, ಅಪ್ಪ ಇದ್ದಾನೆ, ಚಿಕ್ಕಮ್ಮ ಇದ್ದಾಳೆ. ಇಲ್ಲದಿರುವುದು ಹಾಲು ಮಾತ್ರ. ಹಾಲಿಲ್ಲವೆಂದು ಮಗುವನ್ನು ಹತ್ತು ವರ್ಷ ಕಟ್ಟಡದಲ್ಲಿಟ್ಟರೆ ಅದಕ್ಕೆ ಊರೂ ಇಲ್ಲ, ಜಮೀನೂ ಇಲ್ಲ, ಮದುವೆಯಲ್ಲಿ ಎದ್ದು ನಿಲ್ಲುವ ಬಳಗವೂ ಇಲ್ಲ. 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಾರ್ಗಸೂಚಿಯೂ ಮೊದಲು ಕುಟುಂಬ ಎಂದೇ ಹೇಳುತ್ತದೆ. ಒಳ್ಳೆಯ ಮಿಷನ್ ಶಿಶುಗೃಹಗಳು ಕೂಸನ್ನು ತಿಂಗಳುಗಳ ಮಟ್ಟಿಗೆ ಇಟ್ಟುಕೊಂಡು ವಾಪಸು ಒಪ್ಪಿಸುತ್ತವೆ, ಅಷ್ಟರವರೆಗೆ ಮನೆಯವರು ಬಂದು ಎತ್ತಿಕೊಳ್ಳಲೇಬೇಕು ಎಂದು ಪಟ್ಟು ಹಿಡಿಯುತ್ತವೆ.

ಒಪ್ಪಿಸುವುದು ಯಾರಿಗೆ? ತುಳುನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಡು ಮಲಾವಿಯ ಚೇವಾ ಜನರದು ನಮ್ಮ ಅಳಿಯಸಂತಾನದ ಹಾಗೆ ತಾಯಿಯ ಕಡೆಯ ಬಳಿ. ಮಗುವಿನ ಮೇಲೆ ಮಾತು ನಡೆಯುವುದು ಸೋದರಮಾವನದು, 'ಮಲುಮೆ'ಯದು. ಅಪ್ಪನ ಸಹಿ ಹಾಕಿಸಿಕೊಂಡು ಕಳಿಸಿ, ಮಾವನನ್ನು ಕೇಳದೆ ಬಿಟ್ಟರೆ ಮಗು ಯಾರ ಮನೆಯಲ್ಲೂ ನೆಲೆ ನಿಲ್ಲುವುದಿಲ್ಲ. ಉತ್ತರದ ತುಂಬುಕಾ ಜನರಲ್ಲಿ ಇದಕ್ಕೆ ತಿರುವುಮುರುವು, ಅಲ್ಲಿ ತಂದೆಯ ಕಡೆಯವರನ್ನು ಕೇಳಬೇಕು.

ಸಾಕುವವಳು ಮಾತ್ರ 'ಅಗೋಗೊ', ಅಜ್ಜಿ. ಅವಳ ಕೈಗೆ ಹಾಲುಪುಡಿ ಡಬ್ಬಿ ಕೊಡುವಾಗ ಲೆಕ್ಕ ಬೇಕು. 4 ಕೆ.ಜಿ. ಕೂಸಿಗೆ ದಿನಕ್ಕೆ ಸುಮಾರು 600 ಎಂ.ಎಲ್. ಹಾಲು, 400 ಗ್ರಾಮಿನ ಡಬ್ಬಿ ನಾಲ್ಕೈದು ದಿನಕ್ಕೆ ಖಾಲಿ. ತಿಂಗಳಿಗೆ ಎರಡು ಡಬ್ಬಿ ಕೊಟ್ಟರೆ ಅಜ್ಜಿ ನೀರು ಹೆಚ್ಚಿಸಿ ತಿಂಗಳು ತಳ್ಳುತ್ತಾಳೆ, ಕೂಸು ಮತ್ತೆ ವಾರ್ಡಿಗೆ. ಬಾಟಲಿ ಕೊಡಲೇಬೇಡಿ. ನಿಪ್ಪಲ್ ತೊಳೆಯುವಷ್ಟು ನೀರೂ ಸೌದೆಯೂ ಆ ಮನೆಯಲ್ಲಿಲ್ಲ, ಭೇದಿ ಖಂಡಿತ. ಅಗಲ ಬಾಯಿಯ ಸಣ್ಣ ಲೋಟ ಸಾಕು, ಮೊದಲ ದಿನದ ಕೂಸೂ ಲೋಟದ ಅಂಚಿನಿಂದ ನೆಕ್ಕಿ ಕುಡಿಯುತ್ತದೆ. ಹಾಲೂಡುವ ಚಿಕ್ಕಮ್ಮ ಸಿಕ್ಕಿ, ಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇಲ್ಲವೆಂದು ಬಂದರೆ ಇದ್ಯಾವುದೂ ಬೇಡ. ಅಂದಹಾಗೆ, ಗರ್ಭಿಣಿಗೆ ಎಚ್‌ಐವಿ ಇದ್ದರೆ ಬೇರೆ ಲೆಕ್ಕ ನೋಡದೆ ಜೀವನಪರ್ಯಂತ ಔಷಧಿ ಎಂದು ಮಲಾವಿ 2011ರಲ್ಲೇ ಶುರುಮಾಡಿತು. ತಾಯಂದಿರು ಬದುಕಿದರು. ಅನಾಥರ ಸಂಖ್ಯೆ ಇಳಿಸಲು ಅದಕ್ಕಿಂತ ದೊಡ್ಡ ಕೆಲಸವನ್ನು ಯಾವ ಶಿಶುಗೃಹವೂ ಮಾಡಲಾರದು.

ಪ್ರಾರ್ಥನೆಯ ವಿಷಯ ಕೇಳುವಿರಿ. ವಾರ್ಡಿನಲ್ಲಿ ಬೆಳಿಗ್ಗೆ ಹಾಡು, ವಾಕ್ಯ, ಪ್ರಾರ್ಥನೆ ಇರುತ್ತದೆ. ತಾಯಂದಿರ ಹಾಡು ನಿಜಕ್ಕೂ ಚೆಂದ. ಮಲಾವಿ ಸರೋವರದ ದಕ್ಷಿಣಕ್ಕೆ ಯಾವೊ ಜನಾಂಗದ ಮುಸ್ಲಿಮರು ಹೆಚ್ಚು, ಅವರ ಮಕ್ಕಳೂ ಅದೇ ಮಂಚಗಳಲ್ಲಿರುತ್ತಾರೆ. ಹಾಲಿಗೂ ಹಾಡಿಗೂ ಗಂಟು ಹಾಕಬಾರದು, ಹಾಡು ಉದ್ದವಾಯಿತೆಂದು ಹಾಲಿನ ಹೊತ್ತು ತಪ್ಪಿಸಲೂಬಾರದು.

ಹೋಗುವವರು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಕೆಳ ಡಿಗ್ರಿ ತೋರಿಸುವ ಥರ್ಮಾಮೀಟರ್ ಎರಡು, ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಅದಕ್ಕೆ ಹೆಚ್ಚಿನ ಬ್ಯಾಟರಿ, ಹಣೆಗೆ ಕಟ್ಟುವ ಟಾರ್ಚ್, ಸ್ವೆಟರ್. ಜಗ್ಗಿಗೆ ಗೆರೆ ಎಳೆಯಲು ಮಾರ್ಕರ್ ಪೆನ್ನು ಒಯ್ಯಬೇಡಿ, ಬಿಸಿನೀರಿಗೆ ವಾರದೊಳಗೆ ಅಳಿಸಿಹೋಗುತ್ತದೆ. ಮೊಳೆ ಅಲ್ಲೇ ಸಿಗುತ್ತದೆ.