ಗಾಡಿ ಮಲಗ್ತಿಲ್ವಂತೆ

ಬೀಗರೂಟ ಮುಗಿಸಿಕೊಂಡು ಬಂದ ಮೇಲೆ ಹಾಕ್ಕೊಳ್ಳಿ ಅಂತ ಹೆಂಡತಿ ಹೇಳಿದ್ದಳು. ನಾನು ಕೇಳಲಿಲ್ಲ.

ಅವತ್ತು ಶುಕ್ರವಾರ. ರಾತ್ರಿ ಕುವೆಂಪುನಗರದ ನಮ್ಮ ಮನೆ ಮುಂದೆ ಕಾರನ್ನು ಚಾರ್ಜಿಗೆ ಹಾಕಲು ಹೋದೆ. ಒಳಗಿನ ಪರದೆ ಮೇಲೆ ಒಂದು ಸಂದೇಶ ಕೂತಿತ್ತು. ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಲು 40 ನಿಮಿಷ ಬೇಕು, ಅಷ್ಟು ಹೊತ್ತು ಗಾಡಿ ಮುಟ್ಟಬಾರದು. ಇದರಿಂದ ಏನೇನು ಬದಲಾಗುತ್ತೆ ಅಂತ ಹುಡುಕಿದರೆ ಎರಡೇ ಸಾಲು: ಕೆಲವು ಸುಧಾರಣೆಗಳು, ಕೆಲವು ಸಣ್ಣಪುಟ್ಟ ತಪ್ಪುಗಳ ತಿದ್ದುಪಡಿ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಇಂಥ ಉತ್ತರ ಬರೆದ ಹುಡುಗರಿಗೆ ಅರ್ಧ ಮಾರ್ಕ್ಸೂ ಕೊಟ್ಟವನಲ್ಲ. ಅವತ್ತು ಮಾತ್ರ 'ಒಪ್ಪಿದ್ದೇನೆ' ಅಂತ ಒತ್ತಿ, ಒಳಗೆ ಹೋಗಿ ಮಜ್ಜಿಗೆ ಅನ್ನ ತಿಂದು ಮಲಗಿದೆ.

ಶನಿವಾರ ಬೆಳಿಗ್ಗೆ ನನ್ನ ಕಾಲಿಗೇ ಮೊದಲು ಗೊತ್ತಾಯಿತು.

ಎಲೆಕ್ಟ್ರಿಕ್ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಗಾಡಿ ಸುಮ್ನೆ ಉರುಳಿಕೊಂಡು ಹೋಗಲ್ಲ. ಮೋಟಾರು ತಿರುವುಮುರುವಾಗಿ ಡೈನಮೋ ಥರ ಕೆಲಸ ಮಾಡುತ್ತೆ, ಚಕ್ರದ ವೇಗದಿಂದ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕಳಿಸುತ್ತೆ. ಗಾಡಿ ತಾನಾಗಿ ನಿಧಾನ ಆಗುತ್ತೆ. ಎಷ್ಟು ಜೋರಾಗಿ ಹಿಡೀಬೇಕು ಅನ್ನೋದನ್ನ ನಾವೇ ಇಟ್ಟುಕೊಳ್ಳಬಹುದು. ನಾನು ಎರಡು ವರ್ಷದಿಂದ ಅತಿ ಜಾಸ್ತಿಯಲ್ಲೇ ಇಟ್ಟಿದ್ದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಬ್ರೇಕ್ ಮುಟ್ಟೋದೇ ಅಪರೂಪ. ಅಂದರೆ ಬ್ರೇಕ್ ಹಾಕುವ ಕೆಲಸವನ್ನು ನನ್ನ ಬಲಗಾಲು ಅರ್ಧ ಮರೆತೇ ಬಿಟ್ಟಿತ್ತು.

ಆರ್‌ಟಿಓ ಸರ್ಕಲ್ ಹತ್ತಿರ ಸಿಗ್ನಲ್ ಕೆಂಪಾಯಿತು. ಎಂದಿನಂತೆ ಕಾಲು ತೆಗೆದೆ. ಗಾಡಿ ನಿಲ್ಲಲಿಲ್ಲ. ಬೆಣ್ಣೆ ಮೇಲೆ ಜಾರಿದ ಹಾಗೆ ಮುಂದಕ್ಕೆ ಹೋಯಿತು. ಜೀವ ಬಾಯಿಗೆ ಬಂತು. ಬ್ರೇಕ್ ಒತ್ತಿ ನಿಂತಾಗ ಮುಂದಿನ ಆಟೋಗೂ ನನಗೂ ಒಂದು ಗೇಣು ಜಾಗ. ಆಟೋದವನು ತಲೆ ಹೊರಗೆ ಹಾಕಿದ.

"ಏನ್ ಸಾರ್, ಸದ್ದೇ ಇಲ್ದಂಗೆ ಬಂದು ಎತ್ತಾಕ್ಕೊಂಡು ಹೋಗೋಣ ಅಂತಾನಾ?"

ಏನು ಉತ್ತರ ಕೊಡಲಿ? ನನ್ನ ಗಾಡಿ ರಾತ್ರೋರಾತ್ರಿ ಬದಲಾಗಿದೆ ಅಂದರೆ ನಂಬುತ್ತಾನಾ? ಪಕ್ಕಕ್ಕೆ ನಿಲ್ಲಿಸಿ ಪರದೆಯಲ್ಲಿ ಹುಡುಕಿದೆ. ಮೊದಲಿದ್ದ ಜಾಗದಲ್ಲಿ ಆ ಗುಂಡಿ ಇರಲಿಲ್ಲ. ಹತ್ತು ನಿಮಿಷ ತಡಕಾಡಿದ ಮೇಲೆ ಇನ್ಯಾವುದೋ ಪುಟದೊಳಗೆ ಸಿಕ್ಕಿತು. 3 ಇದ್ದದ್ದು 1 ಆಗಿತ್ತು. ಅಪ್‌ಡೇಟ್ ನನ್ನ ಸೆಟ್ಟಿಂಗುಗಳನ್ನೆಲ್ಲ ಅಳಿಸಿ, ಕಾರು ಷೋರೂಮಿನಿಂದ ಬಂದ ದಿನದ ಸ್ಥಿತಿಗೆ ತಂದಿಟ್ಟಿತ್ತು. ಹಾಡು, ಏಸಿ, ಪರದೆಯ ಬೆಳಕು ಹೇಗಾದರೂ ಆಗಲಿ. ಬ್ರೇಕಿನ ವಿಷಯವನ್ನು ಒಂದು ಮಾತು ಹೇಳದೆ ಬದಲಾಯಿಸೋದು ಯಾವ ನ್ಯಾಯ?

ಸಂಜೆ ಇನ್ನೊಂದು ಕಣ್ಣಿಗೆ ಬಿತ್ತು. ಫುಲ್ ಚಾರ್ಜ್ ಆದಾಗ 228 ಕಿಲೋಮೀಟರ್ ಓಡುತ್ತೆ ಅಂತ ತೋರಿಸುತ್ತಿದ್ದ ಗಾಡಿ, ಈಗ 196 ಅನ್ನುತ್ತಿದೆ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಅಪ್ಪ ತಮ್ಮ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್ ಬರೆದಿಡುತ್ತಿದ್ದರು. ಅದೇ ಚಾಳಿ ನನಗೂ ಬಂದಿದೆ. ಚಾರ್ಜ್ ಮಾಡುವ ಪಾಯಿಂಟಿಗೆ ಒಂದು ಸಬ್ ಮೀಟರ್ ಹಾಕಿಸಿಕೊಂಡು ಎಷ್ಟು ಯೂನಿಟ್ ಹೋಯಿತು, ಎಷ್ಟು ಓಡಿತು ಅಂತ ಬರೆಯುತ್ತೇನೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. 32 ಕಿಲೋಮೀಟರ್ ಮಾಯ ಆಗಿದ್ದು ಬರೆದುಕೊಂಡೆ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ.

ಭಾನುವಾರ ಹೊರಟೆವು. ಹೆಂಡತಿಯ ಅಣ್ಣನ ಮಗಳ ಮದುವೆಯ ಬೀಗರೂಟ. ಊರು ಮಂಡ್ಯದಿಂದ ಆಚೆಗೆ, ಕೆರಗೋಡು ಕಡೆ. ನಮ್ಮ ಮನೆಯಿಂದ 60 ಕಿಲೋಮೀಟರ್. ಹೆದ್ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ. ಗಣಂಗೂರು ಟೋಲ್ ದಾಟಿದೆವು, ಮಂಡ್ಯ ಬಂತು, ಕಬ್ಬಿನ ಗದ್ದೆ ಬಂತು. ಊರು ಸೇರಿದಾಗ ಬ್ಯಾಟರಿ ಶೇಕಡ 72 ತೋರಿಸುತ್ತಿತ್ತು. ಹುಣಸೆ ಮರದ ನೆರಳಲ್ಲಿ ನಿಲ್ಲಿಸಿ, ಬೀಗ ಹಾಕಿ, ಷಾಮಿಯಾನದೊಳಗೆ ಹೋದೆ.

ಊಟದ ಬಗ್ಗೆ ಜಾಸ್ತಿ ಬರೆದರೆ ಕಾರಿನ ಕತೆ ಹಿಂದೆ ಬೀಳುತ್ತೆ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಮಂಡ್ಯ ಕಡೆ ಬೀಗರೂಟದಲ್ಲಿ 'ಸಾಕು' ಅನ್ನುವ ಮಾತಿಗೆ ಬೆಲೆ ಇಲ್ಲ, ಅಷ್ಟು ಹೇಳಿದರೆ ಸಾಕು.

ಸಂಜೆ ನಾಲ್ಕೂವರೆಗೆ ಹೊರಡೋಣ ಅಂತ ಬಂದು ಕೀ ಒತ್ತಿದೆ. ಲೈಟ್ ಮಿನುಗಲಿಲ್ಲ. ಹತ್ತಿರ ಹೋಗಿ ಒತ್ತಿದೆ. ಬಾಗಿಲ ಹಿಡಿ ಎಳೆದೆ. ಏನೂ ಇಲ್ಲ, ಕಲ್ಲು. ಮೊಬೈಲಿನಿಂದ ತೆಗೆಯೋಣ ಅಂದರೆ 'ವಾಹನ ಸಂಪರ್ಕದಲ್ಲಿಲ್ಲ' ಅಂತ ಬಂತು. ಸಂಪರ್ಕದಲ್ಲಿಲ್ಲ ಏನು, ಕೈ ಇಟ್ಟುಕೊಂಡು ನಿಂತಿದ್ದೀನಲ್ಲಪ್ಪ!

ಕೀ ಒಳಗೆ ಒಂದು ಸಣ್ಣ ಕಬ್ಬಿಣದ ಕೀ ಇರುತ್ತೆ ಅನ್ನೋದು ಮಗಳಿಗೆ ನೆನಪಿತ್ತು. ಅದನ್ನು ಎಳೆದು ಬಾಗಿಲು ತೆಗೆದೆವು. ಒಳಗೆ ಪರದೆ ಕಪ್ಪು. ಹಾರ್ನ್ ಇಲ್ಲ, ದೀಪ ಇಲ್ಲ. ಅಷ್ಟರಲ್ಲಿ ಕೈ ತೊಳೆದುಕೊಂಡು ಬಂದವರೆಲ್ಲ ಸುತ್ತ ಸೇರಿದರು.

"ಹಸ್ರು ಬೋರ್ಡ್ ಗಾಡಿ ಕೆಟ್ಟೋಯ್ತಂತೆ."

"ಕರೆಂಟ್ ಖಾಲಿ ಆಗೈತೆ. ನಮ್ ಕೊಟ್ಗೇಲಿ ಪ್ಲಗ್ ಐತೆ, ಹಾಕ್ಕಳಿ ಮೇಷ್ಟ್ರೇ."

"ತಳ್ಳುದ್ರೆ ಸ್ಟಾರ್ಟ್ ಆಗ್ತದೆ, ಎಲ್ಲಾ ಬನ್ರೋ."

ಇದು ತಳ್ಳಿ ಸ್ಟಾರ್ಟ್ ಮಾಡುವ ಗಾಡಿ ಅಲ್ಲ ಅಂತ ಹೇಳಿ ಹೇಳಿ ಗಂಟಲು ಒಣಗಿತು. ಶೇಕಡ 72 ಚಾರ್ಜ್ ಇದೆ ಅಂದರೆ ಯಾರೂ ನಂಬಲಿಲ್ಲ. ನನಗೇ ನಂಬಿಕೆ ಹೋಗಿತ್ತು. ಯಾರೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯೋಣ ಅಂದರು. ಅದೂ ಬೇಡ ಅಂದೆ. ಚಕ್ರ ನೆಲದ ಮೇಲಿಟ್ಟು ಎಳೆದರೆ ಮೋಟಾರೂ ಜೊತೆಯಲ್ಲೇ ತಿರುಗುತ್ತೆ, ಹಾಳಾಗಬಹುದು. ಇಂಥ ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡೇ ಹೋಗಬೇಕು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮೂರು ಸಲ ಹಾಡು ಕೇಳಿಸಿಕೊಂಡ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ತುಂಬ ವಿನಯ.

"ಸರ್, ಕಾರಿನ ಪರದೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸಾಫ್ಟ್‌ವೇರ್ ನಂಬರ್ ಓದಿ ಹೇಳ್ತೀರಾ?"

"ಪರದೆನೇ ಹತ್ತುತ್ತಿಲ್ಲಮ್ಮ. ಅದಕ್ಕೇ ಫೋನ್ ಮಾಡಿದ್ದು."

"ಸರಿ ಸರ್. ಹಾಗಾದ್ರೆ ಗಾಡಿ ಆನ್ ಮಾಡಿ ನೋಡಿ ಹೇಳಿ."

ಆಮೇಲೆ ಮೈಸೂರಿನಿಂದ ಗಾಡಿ ಹೊರುವ ಲಾರಿ ಕಳಿಸುತ್ತೇವೆ, ಮೂರು ಗಂಟೆ ಆಗಬಹುದು ಅಂದಳು. ಅವಳ ತಪ್ಪೇನಿದೆ ಪಾಪ, ಎದುರಿಗೆ ಬರೆದಿಟ್ಟದ್ದನ್ನು ಓದುತ್ತಿದ್ದಳು.

ಮರದ ಕಟ್ಟೆ ಮೇಲೆ ಕೂತೆ. ಪ್ರತಿ ವರ್ಷ ನಾನು ಮಕ್ಕಳಿಗೆ ಬರೆಸುವ ಒಂದು ಟಿಪ್ಪಣಿ ತಲೆಗೆ ಬಂತು. ಶಿವನಸಮುದ್ರ, 1902. ಈಗಿನ ಇದೇ ಮಂಡ್ಯ ಜಿಲ್ಲೆಯಲ್ಲಿ ಕಾವೇರಿ ನೀರಿನಿಂದ ಕರೆಂಟ್ ತಯಾರಿಸಿ, ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಬೆಂಗಳೂರಿಗೆ ಕರೆಂಟ್ ಬಂದದ್ದೂ ಅದಾದ ಮೇಲೆ, 1905ರಲ್ಲಿ. ಅಂಥ ಜಿಲ್ಲೆಯಲ್ಲಿ ನಾನು ಇಪ್ಪತ್ತು ಯೂನಿಟ್ ಕರೆಂಟನ್ನು ಕಾರಿನ ಹೊಟ್ಟೆಯಲ್ಲಿ ತುಂಬಿಕೊಂಡು, ಒಂದು ದೀಪ ಹತ್ತಿಸಲಾಗದೆ ಕೂತಿದ್ದೆ.

ಆಗ ಬಂದರು ಭಾವನ ಪಕ್ಕದ ಮನೆಯವರು. ವಯಸ್ಸು ಐವತ್ತರ ಮೇಲೆ. ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಹೊಡೆಯುತ್ತಾರೆ. ಎಲೆ ಅಡಿಕೆ ಅಗಿಯುತ್ತ ಗಾಡಿ ಸುತ್ತ ಒಂದು ಸುತ್ತು ಬಂದರು.

"ಮೇಷ್ಟ್ರೇ, ಇದ್ರ ಹಾರ್ನು ಯಾವ ಕರೆಂಟಲ್ಲಿ ಕೂಗ್ತದೆ?"

"ಅಂದ್ರೆ?"

"ಅಲ್ಲ, ಆ ದೊಡ್ ಬ್ಯಾಟ್ರಿ ಮುಟ್ಟುದ್ರೆ ಆಳು ಸತ್ತೋಯ್ತನೆ ಅಂತೀರಿ. ಅದ್ನೇ ಹಾರ್ನ್‌ಗೂ ಲೈಟ್‌ಗೂ ಕೊಟ್ಟಿರಕ್ಕಿಲ್ಲ. ಒಂದ್ ಸಣ್ ಬ್ಯಾಟ್ರಿ ಇರ್ಲೇಬೇಕು. ಬಾನೆಟ್ ಎತ್ತಿ."

ಎತ್ತಿದೆ. ಇತ್ತು. ಎಲ್ಲ ಗಾಡಿಯಲ್ಲೂ ಇರುವಂಥ ಮಾಮೂಲಿ 12 ವೋಲ್ಟಿನ ಬ್ಯಾಟರಿ, ಮೇಲೆ ಧೂಳು. ಎರಡು ವರ್ಷದಲ್ಲಿ ನಾನದನ್ನು ಒಂದು ಸಲವೂ ಗಮನಿಸಿರಲಿಲ್ಲ. ಮಗಳು ಗ್ಲೋವ್ ಬಾಕ್ಸಿನಿಂದ ಕಾರಿನ ಪುಸ್ತಕ ತೆಗೆದು ಜೋರಾಗಿ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಬಾಗಿಲ ಬೀಗ, ಪರದೆ, ಒಳಗಿನ ಕಂಪ್ಯೂಟರುಗಳು, ಎಲ್ಲ ಓಡೋದು ಈ ಸಣ್ಣ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಸೇರಿಸುವ ದೊಡ್ಡ ಸ್ವಿಚ್ಚುಗಳನ್ನು ಎಳೆಯೋದೂ ಇದೇ. ಇದು ಸತ್ತರೆ ದೊಡ್ಡದರಲ್ಲಿ ಎಷ್ಟಿದ್ದರೂ ಉಪಯೋಗವಿಲ್ಲ. ಬೇರೆ ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಜಂಪ್ ಕೊಡಬಹುದು ಅಂತಲೂ ಬರೆದಿತ್ತು.

"ಆಚೆ ಲಾರಿ ನಿಂತದೆ, ಅದ್ರಿಂದ ಕೊಡುಸ್ಲಾ ಭಾವ?" ಅಂದರು ನಮ್ಮ ಭಾವ.

"ಲಾರಿದು ಇಪ್ಪತ್ನಾಲ್ಕು ವೋಲ್ಟು ಕನಣ್ಣ. ಕೊಟ್ರೆ ಒಳಗಿರದೆಲ್ಲ ಸುಟ್ಟು ಬೂದಿ. ನನ್ ಟ್ರ್ಯಾಕ್ಟ್ರೇ ಸರಿ."

ಟ್ರ್ಯಾಕ್ಟರ್ ಬಂತು. ಎಂಜಿನ್ ಆಫ್ ಮಾಡಿಸಿದರು. ಕೆಂಪು ಕ್ಲಿಪ್ಪು ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪು ಟ್ರ್ಯಾಕ್ಟರಿನ ಮೈನಸ್ಸಿನಿಂದ ನಮ್ಮ ಕಾರಿನ ಒಂದು ಬೋಲ್ಟಿಗೆ, ಬ್ಯಾಟರಿಯಿಂದ ದೂರಕ್ಕೆ, ಪುಸ್ತಕದಲ್ಲಿ ಬರೆದ ಹಾಗೇ. ಐದು ನಿಮಿಷ ಬಿಟ್ಟು ಬ್ರೇಕ್ ತುಳಿದು ಗುಂಡಿ ಒತ್ತಿದೆ. ಸೀಟಿನ ಕೆಳಗೆಲ್ಲೋ 'ಟಕ್' ಅಂತು. ಪರದೆ ಬೆಳಗಿತು. ಶೇಕಡ 72. ಹುಡುಗರು ಶಿಳ್ಳೆ ಹೊಡೆದರು.

ಒಮ್ಮೆ ಎದ್ದ ಮೇಲೆ ದೊಡ್ಡ ಬ್ಯಾಟರಿಯೇ ಸಣ್ಣದಕ್ಕೆ ಚಾರ್ಜ್ ಕೊಡುತ್ತೆ. ಆದರೂ ಮೈಸೂರು ಮುಟ್ಟುವ ತನಕ ನಾನು ಗಾಡಿ ಆಫ್ ಮಾಡಲಿಲ್ಲ. ಮದ್ದೂರು ವಡೆ ಬೇಕು ಅಂತ ಮಗಳು ಹಟ ಹಿಡಿದಳು. ಆನ್‌ನಲ್ಲೇ ಬಿಟ್ಟು, ನಾನು ಸೀಟಲ್ಲೇ ಕೂತು, ಅವಳ ಅಮ್ಮನನ್ನು ಇಳಿಸಿ ಕಳಿಸಿದೆ.

ಸೋಮವಾರ ಕಾಲೇಜಿಗೆ ರಜೆ ಹಾಕಿ ಸರ್ವೀಸ್ ಸೆಂಟರಿಗೆ ಹೋದೆ. ಹುಡುಗನೊಬ್ಬ ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ಗಂಟೆ ನೋಡಿದ. ಆಮೇಲೆ ಡಾಕ್ಟರು ರಿಪೋರ್ಟ್ ಹೇಳುವಂಥ ದನಿಯಲ್ಲಿ ಹೇಳಿದ.

"ಸರ್, ಗಾಡಿ ಮಲಗ್ತಿಲ್ಲ."

ಕಾರಿಗೆ ಬೀಗ ಹಾಕಿದ ಸ್ವಲ್ಪ ಹೊತ್ತಿಗೆ ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆಗೆ ಹೋಗಬೇಕಂತೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಸಿಮ್ ಇರುವ ಡಬ್ಬಿ ಮಲಗುತ್ತಿರಲಿಲ್ಲ. ಊರಲ್ಲಿ ಸಿಗ್ನಲ್ ಕಮ್ಮಿ, ಸುಮ್ನೆ ಹುಡುಕುತ್ತಲೇ ಇತ್ತು. ಅದು ಎದ್ದಿದ್ದರೆ ಉಳಿದವೂ ಎದ್ದಿರುತ್ತವೆ. ಮನೆಯಲ್ಲಿ ಎರಡೂ ರಾತ್ರಿ ಚಾರ್ಜಿಗೆ ಹಾಕಿದ್ದರಿಂದ ಸಣ್ಣ ಬ್ಯಾಟರಿ ತಡೆದುಕೊಂಡಿತ್ತು. ಹುಣಸೆ ಮರದಡಿ ತಡೆಯಲಿಲ್ಲ.

"ನಿಮ್ಮ ಬ್ಯಾಟರಿನೂ ಹಳೇದಾಗಿದೆ ಸರ್, ಹೊಸದು ಹಾಕಿಸ್ಬೇಕು."

"ಗುರುವಾರದ ತನಕ ಹಳೇದಾಗಿರಲಿಲ್ವಾ?"

ಮ್ಯಾನೇಜರು ಬಂದರು. ಕಾಫಿ ಬಂತು. ಮಾತು ಬೆಳೆಯಿತು. ಕೊನೆಗೆ ಅರ್ಧ ದುಡ್ಡಿಗೆ ಬ್ಯಾಟರಿ ಕೊಟ್ಟರು. ಪೂರ್ತಿ ಅವರೇ ಕೊಡಬೇಕಿತ್ತು ಅನ್ನೋದು ಈಗಲೂ ನನ್ನ ಅಭಿಪ್ರಾಯ. ಅವರ ಕೈಲಿದ್ದ ಔಷಧಿ ಏನು ಗೊತ್ತಾ? ಇನ್ನೊಂದು ಅಪ್‌ಡೇಟ್. ಕೇಬಲ್ ಹಾಕಿ ಅಲ್ಲೇ ಮಾಡಿದರು. ಈ ಸಲ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

32 ಕಿಲೋಮೀಟರ್ ಎಲ್ಲಿ ಹೋಯಿತು ಅಂತಲೂ ಕೇಳಿದೆ. ಲೆಕ್ಕ ಹಾಕುವ ವಿಧಾನ ಬದಲಾಗಿದೆ ಸರ್, ಮೊದಲು ಸ್ವಲ್ಪ ಜಾಸ್ತಿ ಹೇಳ್ತಿತ್ತು, ಈಗ ನಿಜ ಹೇಳ್ತದೆ ಅಂದ. ನೋಟ್‌ಬುಕ್ ತೆಗೆದೆ. ಯುಗಾದಿಗೆ ಇದೇ ಊರಿಗೆ ಹೋಗಿ ಬಂದಾಗ ಗೋಡೆಯಿಂದ ಎಳೆದದ್ದು 19.5 ಯೂನಿಟ್. ಭಾನುವಾರದ ಪ್ರಯಾಣಕ್ಕೆ ಎಳೆದದ್ದು 19.7. ಹುಡುಗ ಹೇಳಿದ್ದು ಸರಿಯೇ ಇತ್ತು. ಗಾಡಿ ತಿನ್ನೋದು ಅಷ್ಟೇ, ಹೇಳೋದು ಮಾತ್ರ ಬದಲಾಗಿದೆ. ಹಾಗಾದರೆ ಆ ಎರಡು ಸಾಲಿನ ಕೆಳಗೆ ಇದನ್ನು ಮೂರನೇ ಸಾಲಾಗಿ ಬರೆಯೋಕೆ ಏನಾಗಿತ್ತು ಅಂತ ಕೇಳಿದೆ. ಬ್ರೇಕಿನದನ್ನು ನಾಲ್ಕನೇ ಸಾಲಾಗಿ?

"ಅದು ನಮ್ಮ ಕೈಲಿಲ್ಲ ಸರ್," ಅಂದ. ನಿಜ. ಅವನಿಗೂ ಅವರು ಹೇಳಿರಲಿಲ್ಲ.

ಈಗ ಡಿಕ್ಕಿಯಲ್ಲಿ ಒಂದು ಜೊತೆ ಜಂಪರ್ ಕೇಬಲ್ ಇದೆ. ಒಂದು ಸಣ್ಣ ಮೀಟರ್ ತಂದಿದ್ದೇನೆ. ಬೆಳಿಗ್ಗೆ ಬಾನೆಟ್ ಎತ್ತಿ ನೋಡಿ 12.6, 12.5 ಅಂತ ನೋಟ್‌ಬುಕ್ಕಿನಲ್ಲಿ ಹೊಸ ಕಲಂ ಮಾಡಿ ಬರೆಯುತ್ತೇನೆ. ಭಾವ ಮೊನ್ನೆ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಅದು.

"ಗಾಡಿ ಈಗ ಚೆನ್ನಾಗಿ ಮಲಗ್ತದಾ ಭಾವ?"

"ಅದು ಮಲಗುತ್ತೆ," ಅಂತ ಅಡುಗೆಮನೆಯಿಂದ ಹೆಂಡತಿ ಉತ್ತರ ಕೊಟ್ಟಳು. "ಇವರೇ ಹತ್ತು ಸಲ ಎದ್ದು ಕಿಟಕೀಲಿ ನೋಡ್ತಾರೆ."

ನಿನ್ನೆ ರಾತ್ರಿ ಪರದೆ ಮೇಲೆ ಮತ್ತೆ ಸಂದೇಶ ಬಂದಿದೆ. ಅದೇ ಎರಡು ಸಾಲು. 'ನಂತರ ನೆನಪಿಸಿ' ಅಂತ ಒತ್ತಿದ್ದೇನೆ. ಭಾನುವಾರ ಪಾಂಡವಪುರದಲ್ಲಿ ಒಂದು ಸೀಮಂತ ಇದೆ.