ಹೆಬ್ಬೆಟ್ಟು ಹಿಡಿಯದ ಯಂತ್ರ

ನಾನು ಅರೆ ಕಾನೂನು ಸ್ವಯಂಸೇವಕಿಯಾಗಿ, ಅಂದರೆ ಕೈದಿಗಳಿಗೆ ಕಾನೂನಿನ ನೆರವು ಕೊಡುವವಳಾಗಿ, ಹೋಗುವ ಜೈಲಿನ ಪಡಸಾಲೆಯಲ್ಲಿ ಎಟಿಎಂ ಹಾಗಿರುವ ಒಂದು ಯಂತ್ರವಿದೆ. ಬೆರಳಿಟ್ಟರೆ ಕೈದಿಗೆ ತನ್ನ ಕೇಸಿನ ಮುಂದಿನ ತಾರೀಕು, ಖಾತೆಯಲ್ಲಿ ಉಳಿದ ಹಣ, ಒಳಗೆ ಬಂದ ದಿನ, ಹಾಕಿದ ಸೆಕ್ಷನ್ ಎಲ್ಲ ಕಾಣಬೇಕು. ಯಾರ ಮುಂದೂ ಕೈಕಟ್ಟಿ ನಿಲ್ಲದೆ ತನ್ನ ವಿಷಯ ತಾನೇ ನೋಡಿಕೊಳ್ಳಲಿ ಅಂತ ಇಟ್ಟದ್ದು. ಅದು ಬಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಕಳೆದ ವರ್ಷ ಒಂದು ಬುಧವಾರ ಸಾಲಿನಲ್ಲಿ ಗೌಂಡಿ ಕಾಕಾ ನಿಂತಿದ್ದರು. ಅರವತ್ತರ ಆಸುಪಾಸಿನ ವಿಚಾರಣಾಧೀನ ಕೈದಿ. ಹೆಬ್ಬೆರಳಿಟ್ಟರು, ಕೆಂಪು ದೀಪ. ಅಂಗಿಗೆ ಒರೆಸಿ ಮತ್ತೆ ಇಟ್ಟರು, ಮತ್ತೆ ಕೆಂಪು. ನಲವತ್ತು ವರ್ಷ ಸಿಮೆಂಟು ಕಲಸಿದ ಕೈ, ಗೆರೆಗಳೇ ಸವೆದುಹೋಗಿವೆ.

"ರೇಷನ್ ಅಂಗಡ್ಯಾಗೂ ಹಿಂಗ ಆಕ್ಕೈತ್ರಿ ಮೇಡಂ. ಅಲ್ಲಿ ಮೊಬೈಲಿಗೆ ನಂಬರ್ ಬರ್ತೈತಿ," ಅಂದರು. ಜೈಲಿನೊಳಗೆ ಮೊಬೈಲ್ ಎಲ್ಲಿಂದ ತರುವುದು?

ಐದನೇ ಸಲಕ್ಕೆ ತೋರುಬೆರಳು ಹಿಡಿಯಿತು. ಪರದೆ ತುಂಬ ಇಂಗ್ಲಿಷ್. ಕನ್ನಡ ಬೇಕಾದರೆ ಒತ್ತಬೇಕಾದ ಗುಂಡಿಯ ಮೇಲೂ ಇಂಗ್ಲಿಷೇ! ಗಾಜು ಕೊಳೆಯಾದೀತೆಂದು ಕಾಕಾ ಉಗುರಿನ ತುದಿಯಿಂದ ಮುಟ್ಟಿದರು. ಉಗುರಿಗೆ ಆ ಗಾಜು ಓಗೊಡುವುದಿಲ್ಲ. ಅಷ್ಟರಲ್ಲಿ ಪುಟ ಮುಚ್ಚಿಕೊಂಡಿತು.

ಹಿಂದಿನಿಂದ ಒಬ್ಬ ಹುಡುಗ ಬಂದ. ಎಲ್ಲರಿಗೂ ಓದಿ ಹೇಳುವವನು ಅವನೇ, ಒಂದು ಸಲಕ್ಕೆ ಒಂದು ಬಿಸ್ಕತ್ತು ಪೊಟ್ಟಣ. ಅವನನ್ನು ನಾನು ದೂರಲಾರೆ. ಕಾಕಾನ ಬೆರಳನ್ನು ತಾನೇ ಒತ್ತಿಹಿಡಿದು, ಪುಟ ತೆರೆದು, ಗಟ್ಟಿಯಾಗಿ ಓದಿದ: "ತ್ರೀ ಸೆವೆಂಟಿ ನೈನ್."

ಜೈಲಿನಲ್ಲಿ ಸೆಕ್ಷನ್ ನಂಬರ್ ಗೊತ್ತಿಲ್ಲದವರಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಅದು ಕಳ್ಳತನ. ಬ್ಯಾರಕ್ಕಿನಲ್ಲಿ ಕಾಕಾ ಹೊಲದ ಬದುವಿನ ಜಗಳ ಅಂತ ಹೇಳಿಕೊಂಡಿದ್ದರು. ಸಾಲು ಸುಮ್ಮನಾಯಿತು. ಅವರು ತಲೆ ತಗ್ಗಿಸಿ ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ಯಂತ್ರವನ್ನು ಮಾಡಿದವರು ಇಂಥ ಒಬ್ಬರನ್ನಾದರೂ ಅದರ ಮುಂದೆ ನಿಲ್ಲಿಸಿ ನೋಡಬೇಕಿತ್ತು.

ಒಳಗೆ ಬಂದ ದಿನವೂ ಪರದೆಯ ಮೇಲಿತ್ತು. ಬೆರಳ ಗಿಣ್ಣಿನಲ್ಲಿ ಎಣಿಸಿದೆ: ಹದಿನಾಲ್ಕು ತಿಂಗಳು. ಆ ಸೆಕ್ಷನ್ನಿಗೆ ಗರಿಷ್ಠ ಶಿಕ್ಷೆ 3 ವರ್ಷ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಶಿಕ್ಷೆಯಾಗದ, ಬೇರೆ ಕೇಸಿಲ್ಲದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಹಕ್ಕುದಾರ. ಜೈಲಿನ ಸೂಪರಿಂಟೆಂಡೆಂಟರೇ ಕೋರ್ಟಿಗೆ ಬರೆಯಬೇಕು. ಹಳೆಯ ಕೇಸುಗಳಿಗೂ ಇದು ಸಲ್ಲುತ್ತದೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಕಾನಿಗೆ ಇದೊಂದೇ ಕೇಸು, ಒಂದು ವರ್ಷ ತುಂಬಿದಾಗಲೇ ಆ ಹಕ್ಕು ಬಂದಿತ್ತು. ಸೆಕ್ಷನ್ನೂ ತಾರೀಕೂ ಎರಡನ್ನೂ ಇಟ್ಟುಕೊಂಡ ಯಂತ್ರ ಎರಡು ತಿಂಗಳಿಂದ ಅಷ್ಟನ್ನು ಹೇಳಿರಲಿಲ್ಲ.

ಅವರನ್ನು ಪಕ್ಕಕ್ಕೆ ಕರೆದು ಮುಂದಿನ ತಾರೀಕನ್ನು ಮೆಲ್ಲಗೆ ಹೇಳಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದು, ಓದಿ ಹೇಳಿದೆ. "ಖರೇನೇನ್ರಿ?" ಅಂತ ಎರಡು ಸಲ ಕೇಳಿದರು. ಆಮೇಲೆ ಇಂಕು ಪ್ಯಾಡಿಗೆ ಹೆಬ್ಬೆರಳು ಒತ್ತಿ ಕಾಗದದ ಮೇಲಿಟ್ಟರು. ಗೆರೆಯೇ ಇಲ್ಲದ ನೀಲಿ ಮಚ್ಚೆ ಮೂಡಿತು. ಅದರ ಕೆಳಗೆ ಜೈಲರ್ ಸಹಿ ಹಾಕಿದರು.