ಸ್ವರ್ಣೆ ಹುಟ್ಟುವ ಗುಡ್ಡಗಳಿಗೆ ಸೈಕಲ್ಲಿನಲ್ಲಿ

14 ಡಿಸೆಂಬರ್ 2024, ಶನಿವಾರ
ಶೃಂಗೇರಿ, ರಾತ್ರಿ

ಹಾಸಿಗೆಯಲ್ಲಿ ಕೂತರೂ ಕಾಲು ಇನ್ನೂ ಪೆಡಲ್ ತುಳಿಯುತ್ತಲೇ ಇದೆ ಅನ್ನಿಸುತ್ತಿದೆ. ನಿದ್ದೆ ಬರುವ ಮೊದಲು ಬರೆದುಬಿಡುತ್ತೇನೆ.

ಬೆಳಿಗ್ಗೆ ಐದೂಕಾಲಿಗೆ ಉಡುಪಿ ಬಿಟ್ಟೆ. ಮಣಿಪಾಲದ ಏರು, ಪರ್ಕಳ, ಹಿರಿಯಡ್ಕ, ಎಲ್ಲ ಕತ್ತಲಲ್ಲೇ ಕಳೆಯಿತು. ಪುತ್ತಿಗೆ ಸೇತುವೆ ಹತ್ತಿರ ಬರುವಾಗ ಬೆಳಕು ಹರಿಯಿತು. ಕೆಳಗೆ ಸ್ವರ್ಣೆ. ನಮ್ಮ ಮನೆಯ ನಲ್ಲಿಗೆ ಬರುವುದು ಇದೇ ಹೊಳೆಯ ನೀರು. ಬಜೆಯ ಅಣೆಕಟ್ಟಿನಿಂದ ಉಡುಪಿಗೆ ಪಂಪ್ ಮಾಡುತ್ತಾರೆ. ಮೇ ತಿಂಗಳಲ್ಲಿ ಹೊಳೆ ಸೊರಗಿ, ದಿನ ಬಿಟ್ಟು ದಿನ ನೀರು ಬಿಡುವಾಗ ಅಮ್ಮ ಅಂಗಳದಲ್ಲಿ ಕೊಡಪಾನಗಳನ್ನು ಸಾಲಾಗಿ ಇಡುತ್ತಾರೆ. ಆ ಸಾಲು ನೋಡಿದಾಗಲೆಲ್ಲ ನನಗೆ ಒಂದು ಆಸೆ. ಈ ನೀರು ಹೊರಡುವ ಗುಡ್ಡಗಳ ತನಕ ಒಮ್ಮೆ ನನ್ನ ಕಾಲಿನ ಬಲದಲ್ಲೇ ಹೋಗಿ ಬರಬೇಕು ಅಂತ. ಆಗುಂಬೆ ಘಾಟಿ ಹತ್ತಿ, ಶೃಂಗೇರಿಯಲ್ಲಿ ಉಳಿದು, ಮಾಳದ ಕಡೆಯಿಂದ ಇಳಿಯುವ ಈ ದಾರಿ ಆರಿಸಿದ್ದು ಅದಕ್ಕೇ. ಒಬ್ಬನೇ ಹೊರಟದ್ದೂ ಅದಕ್ಕೇ. ಜೊತೆಗೆ ಯಾರಾದರೂ ಇದ್ದರೆ ಮಾತು ಜಾಸ್ತಿಯಾಗುತ್ತದೆ, ನೋಡುವುದು ಕಡಿಮೆ.

ಹೆಬ್ರಿಯಲ್ಲಿ ಎರಡು ಬನ್ಸ್, ಒಂದು ಚಾ. ಸೀತಾನದಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು. ಸೋಮೇಶ್ವರದ ಅಂಗಡಿಯಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲಿನ ಗಂಟು ನೋಡಿ ಕೇಳಿದರು, "ಒಬ್ಬರೇ ಹೋಗುದಾ ಮಾರಾಯ್ರೆ? ಘಾಟಿಯಲ್ಲಿ ಅಂಗಡಿ ಇಲ್ಲ, ನೀರು ಇಲ್ಲಿಯೇ ತುಂಬಿಸಿಕೊಳ್ಳಿ." ಮೂರು ಬಾಟಲಿ ತುಂಬಿಸಿ, ಒಂದಕ್ಕೆ ಲಿಂಬೆ ಹಿಂಡಿ ಉಪ್ಪು ಹಾಕಿಕೊಟ್ಟರು. ಲಿಂಬೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆಗುಂಬೆ ಘಾಟಿಯಲ್ಲಿ 14 ತಿರುವು. ಚಿಕ್ಕಂದಿನಿಂದ ಮಿನಿ ಬಸ್ಸಿನಲ್ಲಿ ಎಷ್ಟೋ ಸಲ ಹತ್ತಿದ್ದೇನೆ. ಪ್ರತಿ ಸಲವೂ ಕಣ್ಣು ಮುಚ್ಚಿ, ಹೊಟ್ಟೆ ತೊಳೆಸುವುದನ್ನು ತಡೆದುಕೊಂಡು. ಘಾಟಿಯನ್ನು ನಿಜವಾಗಿ ನೋಡಿದ್ದು ಇವತ್ತೇ. ಗೇರಿನ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿದರೆ ಪೆಡಲ್ ಹಗುರ ಆಗುತ್ತದೆ, ಆದರೆ ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆ ವೇಗದಲ್ಲಿ ಎಲ್ಲ ಕಾಣುತ್ತದೆ. ಬಂಡೆಯ ಸೀಳಿನಿಂದ ಒಸರುವ ನೀರು, ಅದರ ಕೆಳಗೆ ಹಸಿರು ಪಾಚಿ. ಮಳೆ ನಿಂತು ಇಷ್ಟು ದಿನವಾದರೂ ಅಲ್ಲಿ ಗಾಳಿ ತಣ್ಣಗೆ, ಕೊಳೆತ ಎಲೆಯ ವಾಸನೆ.

ತಿರುವಿನ ಒಳಗಿನ ಅಂಚು ಬಹಳ ಕಡಿದು. ಅಲ್ಲಿ ಹೋದರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೋ ಅನ್ನಿಸುತ್ತದೆ. ಹೊರಗಿನ ಅಂಚಿನಲ್ಲಿ ಸುತ್ತು ಜಾಸ್ತಿ, ಏರು ಕಡಿಮೆ. ಹಾಗಾಗಿ ಪ್ರತಿ ತಿರುವಿಗೂ ಮೊದಲು ನಿಂತು, ಮೇಲಿಂದ ಗಾಡಿ ಬರುವ ಸದ್ದು ಇದೆಯಾ ಅಂತ ಕಿವಿಗೊಟ್ಟು, ಆಮೇಲೆ ಅಗಲವಾಗಿ ತಿರುಗಿಸುತ್ತಿದ್ದೆ. ದೊಡ್ಡ ಲಾರಿಗಳಿಗೆ ಇಲ್ಲಿ ಪ್ರವೇಶ ಇಲ್ಲದ್ದು ಒಳ್ಳೆಯದಾಯಿತು. ಒಂಬತ್ತನೇ ತಿರುವಿನಲ್ಲಿ ಚೈನ್ ಕಳಚಿತು. ಹಾಕಿದೆ, ಮತ್ತೆ ಕಳಚಿತು. ಹೊರಡುವ ಎರಡು ದಿನ ಮೊದಲು ಸರ್ವೀಸ್ ಮಾಡಿಸಿದ್ದೆ, ಗೇರ್ ಸರಿ ಕೂರಿಸಿರಲಿಲ್ಲ. ತಿರುಗುಳಿ ಇತ್ತು, ಕಾಲು ಗಂಟೆಯಲ್ಲಿ ಸರಿಯಾಯಿತು. ಆದರೆ ಬೆವರು ಆರಿ ಮೈ ಮರಗಟ್ಟಿತ್ತು. ಮುಂದಿನ ಎರಡು ತಿರುವು ತಳ್ಳಿಕೊಂಡೇ ಹತ್ತಿದೆ.

ಸೂರ್ಯಾಸ್ತ ನೋಡುವ ಜಾಗಕ್ಕೆ ಮುಟ್ಟುವಾಗ ಹನ್ನೊಂದೂವರೆ. ಆಕಾಶ ಶುಭ್ರ ಇದ್ದರೆ ಇಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ಇವತ್ತು ಮೋಡ, ಕಾಣಲಿಲ್ಲ. ಆದರೂ ಸುಮ್ನೆ ಅಲ್ಲೇ ಕಟ್ಟೆ ಮೇಲೆ ತುಂಬಾ ಹೊತ್ತು ಕೂತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಘಾಟಿಯ ಈ ಕಡೆಗೆ ಬಿದ್ದದ್ದು ಸೀತೆಗೆ ಸೇರಿ, ನಮ್ಮ ಬಾರ್ಕೂರಿನ ಹತ್ತಿರ ಹಾದು ಕಡಲಿಗೆ ಹೋಗುತ್ತದೆ. ಆ ಕಡೆಗೆ ಬಿದ್ದದ್ದು ತುಂಗೆಗೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಗೆ ಸೇರಿ, ಬಂಗಾಳ ಕೊಲ್ಲಿ ಮುಟ್ಟುತ್ತದೆ. ಒಂದೇ ಮೋಡದ ಎರಡು ಹನಿ, ಒಂದಕ್ಕೆ ಕಡಲು ಇಷ್ಟು ಹತ್ತಿರ, ಇನ್ನೊಂದಕ್ಕೆ ಅಷ್ಟು ದೂರ! ಪಾಠದಲ್ಲಿ ಓದಿದ್ದೇ ಇದು. ಆ ಗುಡ್ಡದ ನೆತ್ತಿಯನ್ನು ಕಾಲಿನಿಂದ ತುಳಿದು ಹತ್ತಿದ ಮೇಲೆ ಬೇರೆಯೇ ಥರ ಅರ್ಥವಾಯಿತು.

ಆಗುಂಬೆ ಪೇಟೆಯಲ್ಲಿ ಬಿಸಿ ಕಷಾಯ ಕುಡಿದು ಹೊರಟೆ. ಅಲ್ಲಿಂದ ಶೃಂಗೇರಿಗೆ ಏರು ಇಳಿವು, ಅಡಿಕೆ ತೋಟ, ಗದ್ದೆ. ವಿಶೇಷ ಏನೂ ಆಗಲಿಲ್ಲ. ಸಂಜೆ ತುಂಗೆಯ ಮೆಟ್ಟಿಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಮಂಡಕ್ಕಿ ಹಾಕಿದರೆ ಮೀನುಗಳು ಮುಗಿಬೀಳುತ್ತವೆ. ಮಠದಲ್ಲಿ ಊಟ, ಎರಡು ಸಲ ಸಾರು ಹಾಕಿಸಿಕೊಂಡೆ.

15 ಡಿಸೆಂಬರ್ 2024, ಭಾನುವಾರ
ಉಡುಪಿ, ಮನೆ

ಇವತ್ತು ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹ್ಯಾಂಡಲ್ ಮೇಲೆ ನೀರು ಕಟ್ಟಿತ್ತು. ನೆಮ್ಮಾರಿನ ತೂಗುಸೇತುವೆಗೆ ಸ್ವಲ್ಪ ಮೊದಲು ಹಿಂದಿನ ಟಯರ್ ಪಂಕ್ಚರ್. ಟಯರಿನ ಒಳಗೆ ಬೆರಳು ಆಡಿಸಿದರೆ ಕೂದಲಿನಷ್ಟು ತೆಳು ತಂತಿ ಚುಚ್ಚಿತು. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದ್ದರೆ ಅದೂ ಹೋಗುತ್ತಿತ್ತು. ತುಂಗೆ ಪಕ್ಕದಲ್ಲೇ ಹರಿಯುತ್ತಿದ್ದಳು, ಆ ಸದ್ದು ಕೇಳುತ್ತಾ ಪ್ಯಾಚ್ ಹಚ್ಚಿದೆ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, ಏನೂ ಮಾತಾಡದೆ, ನಾನು ಗಾಳಿ ಹಾಕಿ ಮುಗಿಸುವ ತನಕ ಸೈಕಲ್ ಹಿಡಿದುಕೊಂಡರು. "ಹುಷಾರಿ" ಅಂದು ಹೋದರು.

ಕೆರೆಕಟ್ಟೆ ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಎಸ್.ಕೆ. ಬಾರ್ಡರ್, ಅಂದರೆ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕುದುರೆಮುಖ, ಕಳಸದ ಕಡೆಗೆ, ಇನ್ನೊಂದು ಕಾರ್ಕಳಕ್ಕೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲ ಈ ಬೆಟ್ಟಗಳಲ್ಲೇ ಇದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದ ಕಾಲವನ್ನು ಅಪ್ಪ ಇವತ್ತಿಗೂ ಬೇಸರದಿಂದ ಹೇಳುತ್ತಾರೆ. ಹೊಳೆ ಹುಟ್ಟುವ ಜಾಗವನ್ನೇ ಅಗೆದರೆ ಕೆಳಗಿನವರು ಏನು ಕುಡಿಯಬೇಕು? ಗಣಿ ನಿಂತದ್ದು ಒಳ್ಳೆಯದೇ ಆಯಿತು, ನನಗೆ ಇದರಲ್ಲಿ ಎರಡು ಮಾತಿಲ್ಲ.

ಇಳಿಜಾರು ಸುಖ ಅಂದುಕೊಂಡಿದ್ದೆ. ಹತ್ತುವುದಕ್ಕಿಂತ ಇದೇ ಕಷ್ಟ. ಬ್ರೇಕ್ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ಬಿಟ್ಟರೆ ಸೈಕಲ್ ಕೈಗೆ ಸಿಗುವುದಿಲ್ಲ. ಒಮ್ಮೆ ಮುಂದಿನದು, ಒಮ್ಮೆ ಹಿಂದಿನದು ಹಿಡಿದು ಬಿಡುತ್ತಾ ಇಳಿದೆ. ಅರ್ಧದಲ್ಲಿ ನಿಲ್ಲಿಸಿ ರಿಮ್ ಮುಟ್ಟಿ ನೋಡಿದರೆ ಕೈ ಸುಟ್ಟಿತು. ಹತ್ತು ನಿಮಿಷ ಆರಲು ಬಿಟ್ಟೆ. ಆಗ ಕೇಳಿಸಿತು, ಎಡಗಡೆ ಕಾಡಿನೊಳಗೆ ಸಣ್ಣ ತೊರೆಯ ಸದ್ದು. ನೀರು ಕಾಣಿಸಲಿಲ್ಲ. ಮಾಳದ ಸುತ್ತಿನ ಗುಡ್ಡಗಳ ಇಂಥ ತೊರೆಗಳೇ ಸೇರಿ ಸ್ವರ್ಣೆ ಆಗುವುದು. ಹೆಲ್ಮೆಟ್ ತೆಗೆದು ನಿಂತುಕೊಂಡೆ. ಗಂಟಲು ಕಟ್ಟಿತು.

ಬಜಗೋಳಿ, ಕಾರ್ಕಳ, ಬೈಲೂರು. ಬಿಸಿಲು, ಬೆವರು, ಎರಡು ಎಳನೀರು. ಹಿರಿಯಡ್ಕಕ್ಕೆ ಬರುವಾಗ ಮೂರೂವರೆ. ಎಡಕ್ಕೆ ತಿರುಗಿದರೆ ಮನೆ. ನಾನು ಬಲಕ್ಕೆ ತಿರುಗಿಸಿದೆ. ಪುತ್ತಿಗೆ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಕೆಳಗೆ ನೋಡುತ್ತಾ ನಿಂತೆ. ನಿನ್ನೆ ನೋಡಿದ್ದೇ ಹೊಳೆ. ಆದರೆ ಇವತ್ತು ಅದರ ಹಿಂದಿನ ದಾರಿ ನನಗೆ ಗೊತ್ತಿತ್ತು.

ಅಮ್ಮನ ಫೋನ್ ಬಂತು. ಸೇತುವೆ ಹತ್ತಿರ ಇದ್ದೇನೆ ಅಂದೆ.

"ಅಲ್ಲಿಗೆ ಯಾಕೆ ಹೋದದ್ದು ಪುನಃ? ಬಚ್ಚಲಲ್ಲಿ ನೀರು ಕಾದಿದೆ. ಬೇಗ ಬಾ."